ನಾಲ್ಕು ಸರಪಳಿ ಅಗಲದ ಬಡಾವಣೆಗಳು: ಬೆಂಗಳೂರಿನ ಪಣತ್ತೂರು–ಬಳಗೆರೆ ಪಟ್ಟಿಯಲ್ಲಿ ರಸ್ತೆಗಳು ಯಾಕೆ ಕೂಡುವುದಿಲ್ಲ

ಜಯನಗರದಲ್ಲಿ ವಿಳಾಸ ಹೇಳಲು ಎರಡು ಅಂಕಿ ಸಾಕು, ಇಷ್ಟನೇ ಮೇನ್, ಇಷ್ಟನೇ ಕ್ರಾಸ್. ಆಟೊದವರು ಮುಂದಿನದನ್ನು ಕೇಳುವುದೇ ಇಲ್ಲ. ಹೊರವರ್ತುಲ ರಸ್ತೆಯ ಆಚೆಗಿನ ಪಣತ್ತೂರು, ಬಳಗೆರೆಯಲ್ಲಿ ಅಪಾರ್ಟ್‌ಮೆಂಟಿನ ಹೆಸರು, ಅದರ ಎದುರಿನ ಬೇಕರಿ, ಕೊನೆಗೆ ‘ಲೊಕೇಶನ್ ಕಳಿಸಿ’ ಎನ್ನುವ ಮಾತು. ಮೇನ್ ಮತ್ತು ಕ್ರಾಸ್ ಎಂಬ ಎಣಿಕೆ ನಡೆಯಬೇಕಾದರೆ ರಸ್ತೆಗಳು ಒಂದನ್ನೊಂದು ಹಾಯಬೇಕು. ಈ ಪಟ್ಟಿಯಲ್ಲಿ ಹೆಚ್ಚಿನವು ಹಾಯುವುದಿಲ್ಲ. ಊರ ರಸ್ತೆಯಿಂದ ಕವಲೊಡೆದು ಒಳಗೆ ಹೋಗಿ, ಪಕ್ಕದವರ ಕಾಂಪೌಂಡಿಗೆ ಮೂಗು ತಾಗಿಸಿ ನಿಲ್ಲುತ್ತವೆ.

ಹೀಗಾದದ್ದಕ್ಕೆ ‘ಯೋಜನೆಯೇ ಇರಲಿಲ್ಲ’ ಎಂಬ ಉತ್ತರ ಸುಲಭ, ಆದರೆ ಅರ್ಧ ಸರಿ. 2007ರಲ್ಲಿ ಮಂಜೂರಾದ ನಗರ ಮಹಾಯೋಜನೆಯಲ್ಲಿ ಅಗಲ ರಸ್ತೆಗಳ ಗೆರೆಗಳಿವೆ. ಕೆಟ್ಟದ್ದು ಇನ್ನೂ ಕೆಳಗಿನ ಹಂತದಲ್ಲಿ. ಒಂದು ಸಲಕ್ಕೆ ಎಷ್ಟು ಅಗಲದ ಜಮೀನಿನಲ್ಲಿ ರಸ್ತೆ ಎಳೆಯಲಾಗುತ್ತಿದೆ ಎಂಬ ಅಳತೆ ನೂರಾರು ಎಕರೆಯಿಂದ ಎರಡು ಎಕರೆಗೆ ಇಳಿಯಿತು. ಮಿಕ್ಕ ತೊಂದರೆಗಳ ಬಹುಪಾಲು ಅಲ್ಲಿಂದಲೇ ಹುಟ್ಟಿದೆ.

ಜಾಗ

ಪಣತ್ತೂರು, ಬಳಗೆರೆ, ವರ್ತೂರು ಬೆಂಗಳೂರು ಪೂರ್ವ ತಾಲ್ಲೂಕಿನ ವರ್ತೂರು ಹೋಬಳಿಯ ಊರುಗಳು. ಪಶ್ಚಿಮಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಟ್ಟಿದ ಸುಮಾರು 60 ಕಿ.ಮೀ.ಗಳ ಹೊರವರ್ತುಲ ರಸ್ತೆ. ಉತ್ತರಕ್ಕೆ ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಹರಿಯುವ ಕಣಿವೆ. ದಕ್ಷಿಣಕ್ಕೆ ಸರ್ಜಾಪುರ ರಸ್ತೆ. ಇವುಗಳ ನಡುವೆ ಬೈಯಪ್ಪನಹಳ್ಳಿಯಿಂದ ಹೊಸೂರಿಗೆ ಹೋಗುವ ರೈಲು ಹಳಿ ಪಟ್ಟಿಯನ್ನು ಸೀಳುತ್ತದೆ. ಬೆಳ್ಳಂದೂರು ರೋಡ್ ನಿಲ್ದಾಣ ಪಣತ್ತೂರಿನ ಬಳಿಯೇ ಇದೆ.

ಕಣಿವೆ, ಹಳಿ, ಹೆದ್ದಾರಿಯಂಥ ರಸ್ತೆ, ಈ ಮೂರೂ ದಾಟಲು ಕಷ್ಟವಾದ ಗೆರೆಗಳು. ಹೊಲಗಳ ಕಾಲದಲ್ಲಿ ಹಳಿ ದಾಟಲು ಒಂದು ಇಕ್ಕಟ್ಟಿನ ಕೆಳಸೇತುವೆ ಸಾಕಾಗಿತ್ತು. ಎತ್ತಿನಗಾಡಿ ಹೋದರೆ ಆಯಿತು. ಕಾಡುಬೀಸನಹಳ್ಳಿಯಿಂದ ಪಣತ್ತೂರು, ಬಳಗೆರೆ ಹಾದು ವರ್ತೂರು ಸೇರುವ ಒಂದೇ ದಾರಿ ಇಡೀ ಪಟ್ಟಿಯ ಬೆನ್ನೆಲುಬಾಯಿತು. ಹೊರವರ್ತುಲ ರಸ್ತೆಯ ಐಟಿ ಕಚೇರಿಗಳಿಗೆ ಕೆಲಸಗಾರರು ಬಂದಂತೆ ಮನೆಗಳು ಬಂದವು. 2007ರಲ್ಲಿ ಮಹದೇವಪುರ ಸೇರಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಹಳೆಯ ಮಹಾನಗರ ಪಾಲಿಕೆಗೆ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. 2011ರ ಜನಗಣತಿಯ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದಲ್ಲಿ 65 ಲಕ್ಷದಿಂದ 96 ಲಕ್ಷಕ್ಕೆ ಏರಿತ್ತು. ಬೆನ್ನೆಲುಬು ಮಾತ್ರ ಅದೇ ಬಂಡಿದಾರಿ.

ಸರ್ವೆ ನಂಬರು ಬಡಾವಣೆಯಾಗುವ ಬಗೆ

ಇದನ್ನು ಅರ್ಥಮಾಡಿಕೊಳ್ಳಲು ಗ್ರಾಮ ನಕ್ಷೆಯಿಂದಲೇ ಶುರುಮಾಡಬೇಕು. ಮೈಸೂರು ಸೀಮೆಯ ಹಳೆಯ ಅಳತೆಯಲ್ಲಿ ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಒಂದು ಸರ್ವೆ ನಂಬರಿನ ಜಮೀನು ಅಣ್ಣತಮ್ಮಂದಿರ ನಡುವೆ ಪಾಲಾಗುವಾಗ ಎಲ್ಲರಿಗೂ ದಾರಿಯ ಮುಖ ಬೇಕು, ಎಲ್ಲರಿಗೂ ನೀರಿನ ಕಡೆಯ ತುದಿ ಬೇಕು. ಹಾಗಾಗಿ ಜಮೀನನ್ನು ಅಡ್ಡಕ್ಕೆ ಕತ್ತರಿಸುವುದಿಲ್ಲ, ಉದ್ದುದ್ದಕ್ಕೆ ಸೀಳುತ್ತಾರೆ. ಬೇಸಾಯಕ್ಕೆ ಇದು ನ್ಯಾಯವಾದ ಹಂಚಿಕೆ, ನೇಗಿಲಿಗೂ ಉದ್ದದ ಸಾಲೇ ಅನುಕೂಲ. ಒಂದೆರಡು ತಲೆಮಾರು ಕಳೆದು ಪೋಡಿ (ಪಾಲುಗಳನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡುವುದು) ಆಗುವ ಹೊತ್ತಿಗೆ ಹಿಸ್ಸಾಗಳು, ಅಂದರೆ ಪಾಲಿನ ತುಂಡುಗಳು, ಪಟ್ಟಿಪಟ್ಟಿಯಾಗಿರುತ್ತವೆ.

ಮಾದರಿಗೆ 4 ಸರಪಳಿ ಅಗಲ, 20 ಸರಪಳಿ ಉದ್ದದ ಪಟ್ಟಿಯೊಂದನ್ನು ತೆಗೆದುಕೊಳ್ಳೋಣ. ಅಂದರೆ 132 ಅಡಿಗೆ 660 ಅಡಿ, 80 ಗುಂಟೆ, ಸರಿಯಾಗಿ ಎರಡು ಎಕರೆ. ನಡುವೆ 30 ಅಡಿ ರಸ್ತೆ, ಎರಡೂ ಬದಿಗೆ 50 ಅಡಿ ಆಳದ ಸೈಟು. ಒಟ್ಟು 130 ಅಡಿ. ಉಳಿದ 2 ಅಡಿ ಕಾಂಪೌಂಡಿಗೆ. ಮೂವತ್ತು–ಐವತ್ತರ ಸೈಟುಗಳು ಒಂದು ಬದಿಗೆ 22ರಂತೆ 44 ಬರುತ್ತವೆ. ಮಾರುವ ಜಾಗ 66,000 ಚದರ ಅಡಿ, ಅಂದರೆ ಒಟ್ಟು ವಿಸ್ತೀರ್ಣದ ಶೇ 76ರಷ್ಟು. ರಸ್ತೆ ಶೇ 22.7. ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನ ಸೊನ್ನೆ. ಪ್ರಾಧಿಕಾರದಿಂದ ಮಂಜೂರಾದ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ಸೌಲಭ್ಯ ಎಲ್ಲ ಸೇರಿ ಅರ್ಧಕ್ಕೆ ಹತ್ತಿರದಷ್ಟು ಜಾಗ ಹೋಗುತ್ತದೆ. ಅಂಥ ಮಂಜೂರಾತಿ ಇಲ್ಲದೆ ಹೊಲವನ್ನೇ ಸೀಳಿ ಮಾರುವ ರೆವಿನ್ಯೂ ಸೈಟು ಅಗ್ಗಕ್ಕೆ ಸಿಗುವುದರ ಗುಟ್ಟು ಈ ವ್ಯತ್ಯಾಸದಲ್ಲೇ ಇದೆ.

ಇನ್ನು ಅಡ್ಡರಸ್ತೆಯ ಲೆಕ್ಕ. ಪಟ್ಟಿಯ ನಡುಭಾಗದಲ್ಲಿ ಎರಡೂ ಬದಿಯ ಅಂಚಿನವರೆಗೆ 30 ಅಡಿಯ ಅಡ್ಡರಸ್ತೆ ಬಿಟ್ಟರೆ ಹೋಗುವುದು ಎರಡು ಸೈಟು, 44ರಲ್ಲಿ 2. ಆದರೆ ಪಕ್ಕದ ಪಟ್ಟಿಯವರೂ ಅದೇ ಎದುರಿಗೆ ಬಿಟ್ಟರೆ ಮಾತ್ರ ಆ ರಸ್ತೆಗೆ ಅರ್ಥ. ಪಕ್ಕದ ಜಮೀನಿನಲ್ಲಿ ಇನ್ನೂ ರಾಗಿ ಬೆಳೆಯುತ್ತಿರುತ್ತದೆ, ಇಲ್ಲವೇ ಅದು ವ್ಯಾಜ್ಯದಲ್ಲಿರುತ್ತದೆ. ಮೊದಲು ಬಡಾವಣೆ ಮಾಡುವವರ ಎರಡು ಸೈಟಿನ ಲಾಭ ಹತ್ತು ವರ್ಷದ ನಂತರ ಬರುವ ನೆರೆಯವರಿಗೆ ಹೋಗುತ್ತದೆ. ಮೊದಲು ಬಂದವರು ಬಿಡುವುದಿಲ್ಲ. ಎದುರಿಗೆ ತೆರೆದ ರಸ್ತೆಯೇ ಇಲ್ಲವಲ್ಲ ಎಂದು ನಂತರ ಬಂದವರೂ ಬಿಡುವುದಿಲ್ಲ. ಎರಡೂ ಕಡೆಯವರ ಲೆಕ್ಕ ತಮ್ಮ ಮಟ್ಟಿಗೆ ಸರಿಯಾಗಿಯೇ ಇದೆ. ಊರಿನ ಲೆಕ್ಕ ಮಾಡುವವರು ಮಾತ್ರ ಆ ಹೊತ್ತಿಗೆ ಅಲ್ಲಿ ಇರುವುದಿಲ್ಲ.

ಜಯನಗರ, ರಾಜಾಜಿನಗರಗಳಲ್ಲಿ ಅಂಥವರು ಇದ್ದರು. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ದೊಡ್ಡ ವಿಸ್ತೀರ್ಣವನ್ನು ಒಟ್ಟಿಗೆ ಸ್ವಾಧೀನ ಮಾಡಿಕೊಂಡು, ಹಿಸ್ಸಾಗಳ ಬದುಗಳನ್ನು ಅಳಿಸಿ, ಮೇಲೆ ಚೌಕುಳಿ ಎಳೆಯಿತು. 1976ರ ಕಾಯ್ದೆಯಿಂದ ಬಂದ ಬಿಡಿಎ ಅದನ್ನೇ ಮುಂದುವರಿಸಿತು. ಆದರೆ ಭೂಸ್ವಾಧೀನ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸಿಲುಕತೊಡಗಿದ ಮೇಲೆ ಪ್ರಾಧಿಕಾರದ ವೇಗಕ್ಕೂ ನಗರದ ವೇಗಕ್ಕೂ ಸಂಬಂಧವೇ ಕಡಿದುಹೋಯಿತು. ಜಮೀನು ಕಳೆದುಕೊಂಡು ಪರಿಹಾರಕ್ಕಾಗಿ ಅಲೆದ ರೈತರ ಸಂಕಟವನ್ನು ಮರೆತು ಹಳೆಯ ಪದ್ಧತಿಯನ್ನು ಹೊಗಳಲು ಮನಸ್ಸು ಒಪ್ಪುವುದಿಲ್ಲ. ಅದು ನಿಂತಾಗ ಅದರ ಜಾಗಕ್ಕೆ ಬೇರೊಂದು ಪದ್ಧತಿ ಬರಲಿಲ್ಲ ಎಂಬುದಂತೂ ನಿಜ.

ದೊಡ್ಡ ಅಪಾರ್ಟ್‌ಮೆಂಟುಗಳದು ಇನ್ನೊಂದು ಬಗೆ. ಐದಾರು ಹಿಸ್ಸಾಗಳನ್ನು ಕೂಡಿಸಿ ಹತ್ತು ಎಕರೆ ಮಾಡಿಕೊಂಡು, ಸುತ್ತ ಕಾಂಪೌಂಡು ಕಟ್ಟಿ ಒಂದೇ ಗೇಟು ಇಡುತ್ತಾರೆ. ಎಷ್ಟು ಕಟ್ಟಬಹುದು ಎನ್ನುವುದು ಎದುರಿನ ರಸ್ತೆಯ ಅಗಲದ ಮೇಲೆ ನಿಂತಿದೆ, ಎಷ್ಟು ಕಡೆ ರಸ್ತೆ ಕೂಡುತ್ತದೆ ಎನ್ನುವುದರ ಮೇಲೆ ನಿಂತಿಲ್ಲ. ಹಾಗಾಗಿ ಕಟ್ಟುವವರ ಗಮನವೆಲ್ಲ ಒಂದು ಮುಖದ ಅಗಲದ ಮೇಲೆ. ಮಂಜೂರಾತಿಗಾಗಿ ಅವರು ತಮ್ಮ ಮುಂದಿನ ತುಣುಕನ್ನು ರಸ್ತೆಗೆ ಬಿಟ್ಟುಕೊಡುತ್ತಾರೆ. ಜನ ‘ಸಿಡಿಪಿ ರಸ್ತೆ’ ಎಂದು ಕರೆಯುವ ಮಹಾಯೋಜನೆಯ ರಸ್ತೆಗಳು ಬಹಳ ಕಡೆ ಬೆಳೆಯುವುದು ಹೀಗೇ. ಹೊಸ ಕಟ್ಟಡದ ಮುಂದೆ ಅಗಲ, ಮುಂದಿನ ನೂರು ಮೀಟರಿನಲ್ಲಿ ಹಳೆಯ ಮನೆಯೋ ತೋಟವೋ ಬಂದು ಇಕ್ಕಟ್ಟು, ಮತ್ತೆ ಅಗಲ. ಇಕ್ಕಟ್ಟಿನ ತುಣುಕಿನ ಅಗಲವೇ ಇಡೀ ರಸ್ತೆ ಹೊರಬಲ್ಲ ಸಂಚಾರವನ್ನು ನಿರ್ಧರಿಸುತ್ತದೆ. ಹಾಗಾಗಿ ಅಗಲವಾದ ತುಣುಕು ವಾಹನ ನಿಲ್ಲಿಸುವ ಜಾಗವಾಗಿ ಮುಗಿಯುತ್ತದೆ.

ಅಳೆಯುವುದು ಹೇಗೆ, ಎಲ್ಲಿ ಮೋಸಹೋಗುತ್ತೇವೆ

ಹತ್ತು ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಇಡೋಣ. 20 ಎಕರೆ, 440 ಸೈಟು, ಎಲ್ಲಕ್ಕೂ ಒಂದೇ ಊರ ರಸ್ತೆ. ಹತ್ತು ಕವಲು, ಹತ್ತು ಕುರುಡು ತುದಿ. 20 ಎಕರೆ ಎಂದರೆ ಸುಮಾರು 8.1 ಹೆಕ್ಟೇರ್, ಹಾಗಾಗಿ ಚದರ ಕಿ.ಮೀ.ಗೆ ಸುಮಾರು 124 ಕೂಡುಬಿಂದುಗಳಾದವು. ವಿಶ್ವಸಂಸ್ಥೆಯ ಹ್ಯಾಬಿಟ್ಯಾಟ್ ಸಂಸ್ಥೆ ಒಳ್ಳೆಯ ನಗರಕ್ಕೆ ಹೇಳುವುದು ಸುಮಾರು 100. ಅಂದರೆ ಕೂಡುಬಿಂದುಗಳ ಸಾಂದ್ರತೆಯೊಂದನ್ನೇ ನೋಡಿದರೆ ಈ ಬಡಾವಣೆ ಪಾಸಾಗುತ್ತದೆ! ಬೆಂಗಳೂರಿನ ಅಂಚಿನ ಬಗ್ಗೆ ಸಮಾಧಾನದ ಅಂಕಿಗಳು ಕಂಡಾಗ ಮೊದಲು ಕೇಳಬೇಕಾದದ್ದು ಇದನ್ನೇ: ಎಣಿಸಿದ ಕೂಡುಬಿಂದುಗಳಲ್ಲಿ ಎಷ್ಟು ಕುರುಡು ರಸ್ತೆಯ ಬಾಯಿಗಳು?

ಕೊಂಡಿ ಮತ್ತು ಗಂಟುಗಳ ಅನುಪಾತ ಇದಕ್ಕಿಂತ ನಿಜ ಹೇಳುತ್ತದೆ. ರಸ್ತೆಯ ಪ್ರತಿ ತುಣುಕು ಒಂದು ಕೊಂಡಿ, ಪ್ರತಿ ಕೂಡುಬಿಂದು ಅಥವಾ ಕುರುಡು ತುದಿ ಒಂದು ಗಂಟು. ಮರದ ಹಾಗೆ ಕವಲೊಡೆಯುವ ಜಾಲದಲ್ಲಿ ಕೊಂಡಿಗಳು ಗಂಟುಗಳಿಗಿಂತ ಯಾವಾಗಲೂ ಒಂದು ಕಡಿಮೆ, ಆದ್ದರಿಂದ ಅನುಪಾತ 1ರ ಕೆಳಗೇ ಇರುತ್ತದೆ. ನಾಲ್ಕೂ ದಿಕ್ಕಿಗೆ ಹಬ್ಬಿದ ಚೌಕುಳಿಯಲ್ಲಿ ಅದು 2ರ ಹತ್ತಿರ. ನಮ್ಮ ಮಾದರಿಯಲ್ಲಿ 20 ಗಂಟು, ಊರ ರಸ್ತೆಯ 9 ತುಣುಕು ಸೇರಿ 19 ಕೊಂಡಿ, ಅನುಪಾತ 0.95. ಹತ್ತೂ ಪಟ್ಟಿಗಳ ನಡುವೆ ಒಂದು ಅಡ್ಡರಸ್ತೆ ಹಾಯಿಸಿದರೆ 30 ಗಂಟು, 38 ಕೊಂಡಿ, 1.27. ತುದಿಯಲ್ಲೂ ಒಂದು ಹಾಯಿಸಿದರೆ ಸುಮಾರು 1.6.

ಜನರ ಕಾಲಿಗೆ ತಟ್ಟುವುದು ಸುತ್ತಿನ ಅನುಪಾತ. ಅಕ್ಕಪಕ್ಕದ ಎರಡು ಪಟ್ಟಿಗಳ ಕೊನೆಯ ಮನೆಗಳ ನಡುವೆ, ರಸ್ತೆಯಿಂದ ರಸ್ತೆಗೆ, ನೇರ ದೂರ 132 ಅಡಿ. ನಡೆಯಬೇಕಾದದ್ದು ಹೊರಗೆ 660, ಊರ ರಸ್ತೆಯಲ್ಲಿ 132, ಮತ್ತೆ ಒಳಗೆ 660, ಒಟ್ಟು 1,452 ಅಡಿ. ಹನ್ನೊಂದು ಪಟ್ಟು. ನಡುವಿನ ಒಂದು ಅಡ್ಡರಸ್ತೆ ಇದನ್ನು ಆರು ಪಟ್ಟಷ್ಟಕ್ಕೆ ಇಳಿಸುತ್ತದೆ. ಇಡೀ ಪ್ರದೇಶದ ಸರಾಸರಿ ಇಷ್ಟು ಭೀಕರವಾಗಿರುವುದಿಲ್ಲ, ದೂರದ ಪ್ರಯಾಣದಲ್ಲಿ ಅನುಪಾತ ಇಳಿಯುತ್ತದೆ. ಆದರೆ ಮಕ್ಕಳು ಶಾಲೆಗೆ, ಹಿರಿಯರು ಔಷಧಿ ಅಂಗಡಿಗೆ ಹೋಗುವುದು ಹತ್ತಿರದ ಪ್ರಯಾಣಗಳೇ. ಸುತ್ತು ಜೋರಾಗಿ ಬಡಿಯುವುದೂ ಅಲ್ಲೇ. ಸುತ್ತು ಎರಡು ಪಟ್ಟಾದರೂ 800 ಮೀಟರ್ ನಡೆಯಲು ಸಿದ್ಧರಿರುವವರು ತಲುಪುವ ವಿಸ್ತೀರ್ಣ ಕಾಲು ಭಾಗಕ್ಕೆ ಕುಗ್ಗುತ್ತದೆ. ಹೊರವರ್ತುಲ ರಸ್ತೆಯ ಮೆಟ್ರೊ ಮಾರ್ಗದಲ್ಲಿ ಕಾಡುಬೀಸನಹಳ್ಳಿಗೂ ನಿಲ್ದಾಣವಿದೆ. ಅದಕ್ಕೆ ಎಷ್ಟು ಜನ ನಡೆದು ಬರಬಲ್ಲರು ಎಂಬುದನ್ನು ಈ ಕಾಂಪೌಂಡು ಗೋಡೆಗಳು ಆಗಲೇ ನಿರ್ಧರಿಸಿವೆ.

ಅಳತೆ ಮಾಡಹೊರಟವರಿಗೆ ಬೇಕಾದ ಸಾಮಗ್ರಿ ಉಚಿತವಾಗಿ ಸಿಗುತ್ತದೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆ, ಸ್ಥಳದಲ್ಲಿ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್, ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು, ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಜಾಲ, ಲೆಕ್ಕಕ್ಕೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಅಥವಾ ಪೈಥಾನ್‌ನ ಓಎಸ್‌ಎಂಎನ್‌ಎಕ್ಸ್. ಬೆಂಗಳೂರಿಗೆ ಯುಟಿಎಂ 43 ಉತ್ತರ ವಲಯದ ಪ್ರಕ್ಷೇಪ (ದುಂಡಗಿನ ಭೂಮಿಯನ್ನು ಮೀಟರಿನಲ್ಲಿ ಅಳೆಯುವ ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ಹಾಕದೆ ದೂರ ಅಳೆಯಬಾರದು. ತಪ್ಪುಗಳು ಬಹುತೇಕ ಇಲ್ಲೇ ಆಗುತ್ತವೆ:

ಪ್ರದೇಶದ ಗಡಿಯಲ್ಲಿ ಜಾಲವನ್ನು ಕತ್ತರಿಸಿದಾಗ ಮುಂದುವರಿಯುವ ರಸ್ತೆಗಳೂ ಕುರುಡು ತುದಿಗಳಾಗಿ ಕಾಣುತ್ತವೆ. ಅರ್ಧ ಕಿ.ಮೀ. ಹೆಚ್ಚು ತೆಗೆದುಕೊಂಡು ಲೆಕ್ಕ ಮಾಡಿ, ಆಮೇಲೆ ಒಳಭಾಗವನ್ನಷ್ಟೇ ವರದಿಗೆ ಇಟ್ಟುಕೊಳ್ಳಬೇಕು. ಹೊರವರ್ತುಲ ರಸ್ತೆಯ ಎರಡು ಮುಖ್ಯ ಪಥ, ಎರಡು ಸರ್ವಿಸ್ ರಸ್ತೆ ಪ್ರತ್ಯೇಕ ಗೆರೆಗಳಾಗಿರುವುದರಿಂದ ಒಂದು ಜಂಕ್ಷನ್ ನಾಲ್ಕೈದಾಗಿ ಎಣಿಕೆಯಾಗುತ್ತದೆ. 15 ಮೀಟರಿನೊಳಗಿನ ಗಂಟುಗಳನ್ನು ಕೂಡಿಸಬೇಕು, ಅಗಲ ಜಂಕ್ಷನ್ನುಗಳನ್ನು ಕೈಯಿಂದಲೇ ಸರಿಪಡಿಸಬೇಕು. ಮೇಲ್ಸೇತುವೆಯ ಕೆಳಗೆ ಹಾಯುವ ರಸ್ತೆ ಕೂಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಗೇಟಿನದು. ಅಪಾರ್ಟ್‌ಮೆಂಟಿನ ಒಳರಸ್ತೆಗಳು ನಕ್ಷೆಯಲ್ಲಿ ರಸ್ತೆಗಳಂತೆಯೇ ಇರುತ್ತವೆ. ಅವನ್ನು ತೆಗೆಯದೆ ಲೆಕ್ಕ ಹಾಕಿದರೆ ಹತ್ತು ಎಕರೆಯ ಮುಚ್ಚಿದ ಆವರಣವೇ ಪಟ್ಟಿಯ ಅತ್ಯುತ್ತಮ ಸಂಪರ್ಕದ ಜಾಗವಾಗಿ ಹೊಮ್ಮುತ್ತದೆ. ಯಾವ ಗೇಟು ಬೆಳಗ್ಗೆ ತೆರೆದು ರಾತ್ರಿ ಮುಚ್ಚುತ್ತದೆ, ಯಾವ ಗೋಡೆಯಲ್ಲಿ ಜನ ನುಸುಳುವ ಕಿಂಡಿ ಇದೆ ಎಂಬುದು ಉಪಗ್ರಹ ಚಿತ್ರಕ್ಕೆ ಕಾಣುವುದಿಲ್ಲ. ನಡೆದೇ ನೋಡಬೇಕು.

ನೀರು ಬಂದ ದಿನ

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತಂದರು. ರಾಜಕಾಲುವೆಯ ಒತ್ತುವರಿಯ ಬಗ್ಗೆ ಆಗ ಬಹಳ ಮಾತಾಯಿತು, ಆಗಬೇಕಾದ್ದೇ. ರಸ್ತೆಜಾಲದ ಪಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಒಂದೇ ಬಾಯಿಯ ಬಡಾವಣೆಯಲ್ಲಿ ಆ ಬಾಯಿ ತಗ್ಗಿನಲ್ಲಿದ್ದರೆ, ಒಳಗಿನ ಮನೆಗಳು ಎತ್ತರದಲ್ಲಿದ್ದು ಒಣಗಿದ್ದರೂ ಹೊರಬರಲು ದಾರಿ ಇಲ್ಲ. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೂ ಅದೇ ಗತಿ. ಹಳಿಯ ಕೆಳಗಿನ ಸೇತುವೆ ಜೋರು ಮಳೆಗೆ ತುಂಬಿದರೆ ಎರಡು ಬದಿಯೂ ಬೇರೆ ಬೇರೆ ಊರು.

ಈಗಿರುವ ಗೋಡೆಗಳಲ್ಲಿ ದಾರಿ ಬಿಡಿಸುವುದು

ಹೊಸ ರಸ್ತೆಗೆ ಮನೆ ಒಡೆಯುವುದು ಕೊನೆಯ ಮಾತು. ಅದಕ್ಕೆ ಮುಂಚೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ನಕ್ಷೆಯಲ್ಲಿ ಎಲ್ಲ ಕುರುಡು ತುದಿಗಳನ್ನು ಗುರುತಿಸಿ, 30 ಮೀಟರಿನೊಳಗೆ ಇನ್ನೊಂದು ರಸ್ತೆ ಇರುವವನ್ನು ಮಾತ್ರ ಆರಿಸಬೇಕು. ನಡುವೆ ಬರೀ ಗೋಡೆ ಇದೆಯೋ, ಖಾಲಿ ಸೈಟೋ, ಮನೆಯೋ ಎಂದು ಸ್ಥಳದಲ್ಲಿ ನೋಡಬೇಕು. ಪ್ರತಿ ಜೋಡಿಗೂ ಗೋಡೆ ತೆರೆದರೆ ಎಷ್ಟು ಮೀಟರ್ ನಡಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಹೆಚ್ಚು ಉಳಿಸುವವನ್ನು ಮೊದಲು ಇಡಬೇಕು.

ಆಮೇಲೆ ದಾಖಲೆ. ಮಂಜೂರಾದ ಬಡಾವಣೆಯ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಟ್ಟ ನೋಂದಾಯಿತ ಪತ್ರ ಇರಬೇಕು. ಇದ್ದರೆ ಆ ರಸ್ತೆ ಸಾರ್ವಜನಿಕ, ಗೇಟು ಹಾಕುವ ಹಕ್ಕು ನಿವಾಸಿಗಳ ಸಂಘಕ್ಕಿಲ್ಲ. ರೆವಿನ್ಯೂ ಬಡಾವಣೆಯಲ್ಲಿ ಅಂಥ ಪತ್ರವೇ ಇರುವುದಿಲ್ಲ. ರಸ್ತೆಯ ಜಾಗ ಪಹಣಿಯಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿರುತ್ತದೆ, ಮಕ್ಕಳ ಕಾಲಕ್ಕೆ ಅದನ್ನೂ ಮಾರಲು ಹೊರಟದ್ದುಂಟು. ಇದಕ್ಕಿಂತ ಗಟ್ಟಿ ದಾಖಲೆ ಗ್ರಾಮ ನಕ್ಷೆಯದು. ‘ನಕಾಶೆ ಕಂಡ ದಾರಿ’ ಎಂದು ಕರೆಯುವ ಬಂಡಿದಾರಿಗಳು, ಬಿ ಖರಾಬು (ಸಾಗುವಳಿಗೆ ಸಿಗದ ಸಾರ್ವಜನಿಕ ಜಾಗ) ಎಂದು ಬರೆದಿರುವ ಹಳ್ಳ, ದಾರಿಗಳ ಜಾಗ ಸಾರ್ವಜನಿಕವಾದದ್ದು, ಯಾರ ಕ್ರಯಪತ್ರದಿಂದಲೂ ಖಾಸಗಿಯಾಗುವುದಿಲ್ಲ. ಬೇಲಿ ಹಾಕಿಕೊಂಡಿದ್ದರೆ ತೆರವಿಗೆ ತಹಶೀಲ್ದಾರರಿಗೆ ಅರ್ಜಿ, ಜೊತೆಗೆ ಅಳತೆಗೆ ಅರ್ಜಿ. ಅಳತೆಯಾಗದೆ ಮಾಡಿದ ತೆರವು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಗೋಡೆ ಒಡೆದ ಮೇಲೆ ಬರುವ ತಾಪತ್ರಯಗಳನ್ನು ಮೊದಲೇ ಎಣಿಸಬೇಕು. ಅಕ್ಕಪಕ್ಕದ ಬಡಾವಣೆಗಳು ಬೇರೆ ಬೇರೆ ಕಾಲಕ್ಕೆ ಮಣ್ಣು ತುಂಬಿಸಿರುವುದರಿಂದ ಎರಡು ಮೂರು ಅಡಿ ಮಟ್ಟದ ವ್ಯತ್ಯಾಸ ಸಾಮಾನ್ಯ. 1:12ರ ಇಳಿಜಾರು ಕೊಟ್ಟರೆ 3 ಅಡಿಗೆ 36 ಅಡಿ ಉದ್ದ ಬೇಕು. ಮೇಲಿನ ಬಡಾವಣೆಯ ಮಳೆನೀರು ಈವರೆಗೆ ಗೋಡೆಗೆ ತಡೆದು ನಿಲ್ಲುತ್ತಿತ್ತು, ತೆರೆದ ದಿನದಿಂದ ಕೆಳಗಿನವರ ಮನೆಗೆ ನುಗ್ಗುತ್ತದೆ. ಅಡ್ಡಲಾಗಿ ಜಾಲರಿ ಹಾಕಿದ ಚರಂಡಿ ಮೊದಲು, ದಾರಿ ಆಮೇಲೆ. ಯಾರಿಗೂ ಬೇಡದ ಜಾಗವೆಂದು ಕುರುಡು ತುದಿಯಲ್ಲಿ ಟ್ರಾನ್ಸ್‌ಫಾರ್ಮರ್, ಬೋರ್‌ವೆಲ್, ಕೆಲವೆಡೆ ದೇವರ ಕಟ್ಟೆ ಬಂದಿರುತ್ತದೆ. ಕಟ್ಟೆಯನ್ನು ಬಿಟ್ಟು ಪಕ್ಕದಲ್ಲಿ ದಾರಿ ತೆಗೆಯುವುದೇ ವಿವೇಕ.

ಒಂದೇ ಒಂದು ಗೋಡೆಯನ್ನು ತೆರೆಯುವುದು ಇವೆಲ್ಲಕ್ಕಿಂತ ದೊಡ್ಡ ತಪ್ಪು. ಬೆನ್ನೆಲುಬಿನ ರಸ್ತೆಯಲ್ಲಿ ಸಿಲುಕಿದ ಅಷ್ಟೂ ವಾಹನಗಳಿಗೆ ಅದೊಂದೇ ಕಳ್ಳದಾರಿಯಾಗುತ್ತದೆ. ವಾರದೊಳಗೆ ಅಲ್ಲಿನ ನಿವಾಸಿಗಳು ಮತ್ತೆ ಕಲ್ಲು ಅಡ್ಡ ಇಡುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದೇ. ಹತ್ತಾರು ಕಡೆ ಒಟ್ಟಿಗೆ ತೆರೆದರೆ ಭಾರ ಹಂಚಿಹೋಗುತ್ತದೆ. ಮೊದಲ ಹಂತದಲ್ಲಿ ನಡೆಯುವವರಿಗೆ, ಸೈಕಲ್ಲಿಗೆ ಮಾತ್ರ ಬಿಡುವುದು ಒಳ್ಳೆಯದು. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಕನಿಷ್ಠ ಪಾದಚಾರಿ ಅಗಲ 1.8 ಮೀಟರ್, ಅಂದರೆ 6 ಅಡಿ. ಗಾಲಿಕುರ್ಚಿಗೆ ಕಂಬಗಳ ನಡುವೆ 90 ಸೆಂ.ಮೀ.ಗಿಂತ ಕಡಿಮೆ ಬಿಡುವಂತಿಲ್ಲ, ಅಷ್ಟರಲ್ಲಿ ಬೈಕು ನುಸುಳಿಯೇ ನುಸುಳುತ್ತದೆ. ಅದನ್ನು ಒಪ್ಪಿಕೊಂಡು ವೇಗ ತಗ್ಗಿಸುವ ಅಂಕುಡೊಂಕು ಕೊಡಬಹುದೇ ಹೊರತು ಪೂರಾ ತಡೆಯಲಾಗದು.

ಇನ್ನೂ ಹೊಲವಾಗಿರುವ ಕಡೆ

ಗುಜರಾತಿನಲ್ಲಿ ನಗರ ಯೋಜನಾ ಸ್ಕೀಮಿನ ಪದ್ಧತಿ ಇದೆ. ಒಂದು ಪ್ರದೇಶದ ಎಲ್ಲ ಹಿಡುವಳಿಗಳನ್ನು ಕಾಗದದ ಮೇಲೆ ಒಟ್ಟು ಮಾಡಿ, ರಸ್ತೆ, ಉದ್ಯಾನಗಳಿಗೆ ಎಲ್ಲರಿಂದಲೂ ಪಾಲು ತೆಗೆದು, ಚಿಕ್ಕದಾದರೂ ಚೊಕ್ಕ ಆಕಾರದ ಜಮೀನನ್ನು ಅದೇ ಮಾಲೀಕರಿಗೆ ಹಿಂತಿರುಗಿಸುತ್ತಾರೆ. ಅಹಮದಾಬಾದಿನ 76 ಕಿ.ಮೀ.ಗಳ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಜಾಗ ಒದಗಿಸುವಲ್ಲಿ ಈ ಪದ್ಧತಿ ನೆರವಾಯಿತು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆ ಅವಕಾಶವಿದೆ. ಬಳಸಿದ್ದು ಕಡಿಮೆ.

ಸ್ಕೀಮು ಬರುವವರೆಗೆ ಕಾಯಬೇಕಿಲ್ಲ. ಭೂಪರಿವರ್ತನೆಯ ಆದೇಶ ಕೊಡುವಾಗಲೇ ಗ್ರಾಮ ನಕ್ಷೆಯ ಮೇಲೆ ಪ್ರತಿ 10 ಸರಪಳಿಗೆ, ಅಂದರೆ 330 ಅಡಿಗೆ, ಒಂದು ಅಡ್ಡದಾರಿಯ ಗೆರೆ ಎಳೆದಿಟ್ಟು, ಆ ಗೆರೆಯ ಮೇಲೆ ಸೈಟು ನೋಂದಣಿಯಾಗದಂತೆ ತಡೆದರೆ ಸಾಕು. ನೆರೆಯವರು ಈ ವರ್ಷ ಬರಲಿ, ಹತ್ತು ವರ್ಷ ಬಿಟ್ಟು ಬರಲಿ, ಎರಡು ದಾರಿ ಎದುರುಬದುರಾಗುತ್ತವೆ. 30 ಅಡಿ ಬಿಡಲು ಒಪ್ಪದಿದ್ದರೆ 6 ಅಡಿಯ ಕಾಲುದಾರಿಯಾದರೂ ಸರಿ. ಒಂದು ಬದಿಯ 22 ಸೈಟುಗಳಲ್ಲಿ ಆರು ಸೈಟುಗಳ ಮುಖವನ್ನು 30 ಅಡಿಯ ಬದಲು 29 ಮಾಡಿದರೆ ಆ ಜಾಗ ಸಿಕ್ಕಿತು. ಎರಡೂ ಬದಿ ಸೇರಿ 600 ಚದರ ಅಡಿ, ಎರಡು ಎಕರೆಯಲ್ಲಿ ಶೇ 0.7. ಗುಂಜೂರಿನಿಂದ ಸರ್ಜಾಪುರದವರೆಗೆ ಇನ್ನೂ ಉಳುಮೆಯಲ್ಲಿರುವ ಪಟ್ಟಿಗಳಲ್ಲಿ ಈ ಗೆರೆ ಎಳೆಯಲು ಇವತ್ತು ಒಂದು ಗೋಡೆಯನ್ನೂ ಒಡೆಯಬೇಕಾಗಿಲ್ಲ.